ಎಲಸಾರದ ಬಿಳುಪು, ಮುಖದ ಬಣ್ಣ

ನಮ್ಮ ಮನೆಗಳ ಟ್ರಂಕಿನಲ್ಲಿ, ಕಪಾಟಿನ ಮೇಲಿನ ಬಿಸ್ಕೆಟ್ ಡಬ್ಬಿಯಲ್ಲಿ ಉಳಿದಿರುವ ಕಪ್ಪು-ಬಿಳುಪು ಫೋಟೋಗಳನ್ನು ಒಮ್ಮೆ ಚಾಪೆಯ ಮೇಲೆ ಹರಡಿ ನೋಡಿ. ಎರಡು ಜಾತಿ ಸಿಗುತ್ತವೆ. ಒಂದು ಜಾತಿಯಲ್ಲಿ ಸುಣ್ಣ ಮತ್ತು ಮಸಿ ಬಿಟ್ಟರೆ ಬೇರೇನೂ ಇಲ್ಲ. ಗಂಡಸರ ಅಂಗಿ, ಮುಂಡು, ಟೊಪ್ಪಿ ಎಲ್ಲ ಸೇರಿ ಒಂದೇ ಬಿಳಿ ತೇಪೆ. ಹೆಂಗಸರ ಎಲಸಾರದಲ್ಲಿ ಒಂದು ಮಡಿಕೆಯೂ ಕಾಣುವುದಿಲ್ಲ. ಇನ್ನೊಂದು ಜಾತಿ ಅಕ್ಕಿ ತೊಳೆದ ನೀರಿನ ಹಾಗೆ. ಬಿಳಿಯೂ ಇಲ್ಲ, ಕಪ್ಪೂ ಇಲ್ಲ, ಎಲ್ಲವೂ ಬೂದಿ. "ಹಳೆಯ ಫೋಟೋ ಅಲ್ಲವಾ, ಮಾಸಿ ಹೋಗಿದೆ" ಎಂದು ನಾವು ತೆಗೆದು ಬದಿಗಿಡುತ್ತೇವೆ. ಕೆಲವು ನಿಜಕ್ಕೂ ಮಾಸಿರಬಹುದು. ಆದರೆ ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಮಾಸಿದ್ದಲ್ಲ, ಹುಟ್ಟಿದ್ದೇ ಹಾಗೆ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಯಾರೋ ಒಬ್ಬರು ಆ ದಿನ ಕೈಗೆ ಸಿಕ್ಕಿದ ಕಾಗದದ ಮೇಲೆ ಪ್ರಿಂಟ್ ಹಾಕಿದ್ದಾರೆ, ಅಷ್ಟೆ.

ನಾನು ಮಂಜೇಶ್ವರದ ಕಡೆಯವನು. 1986ರಿಂದ ನಾಲ್ಕು ವರ್ಷ ಊರ ಹತ್ತಿರದ ಒಂದು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಕೆಲಸ ಮಾಡಿದೆ. ಆಮೇಲೆ ಎಲ್ಲರ ಹಾಗೆ ಗಲ್ಫಿಗೆ ಹೋದೆ. ತಿರುಗಿ ಬಂದು ಕೂತಾಗ ಆ ಸ್ಟುಡಿಯೋ ಮುಚ್ಚುವುದರಲ್ಲಿತ್ತು. ಅವರ ಎನ್‌ಲಾರ್ಜರನ್ನು ಕೊಂಡುಕೊಂಡೆ. ನೆಗೆಟಿವಿನ ಪೆಟ್ಟಿಗೆಗಳನ್ನು ಕೇಳಿ ಪಡೆದೆ. ಇಲ್ಲದಿದ್ದರೆ ಅವು ಗುಜರಿಗೆ ಹೋಗುತ್ತಿದ್ದವು. ಫಿಲ್ಮಿನಲ್ಲಿ ಬೆಳ್ಳಿ ಇದೆ, ಅದನ್ನು ತೆಗೆದು ಮಾರುವವರು ಇದ್ದಾರೆ. ಈಗ ಮನೆಯ ಹಿಂದಿನ ಬಾತ್‌ರೂಮು ನನ್ನ ಕತ್ತಲೆ ಕೋಣೆ. ಸಂಬಂಧಿಕರ, ನೆರೆಕರೆಯವರ ಹಳೆಯ ನೆಗೆಟಿವ್‌ಗಳಿಂದ ಹೊಸ ಪ್ರಿಂಟ್ ಹಾಕಿಕೊಡುತ್ತೇನೆ.

ಮಕ್ಕಳು ಕೇಳುವ ಒಂದು ಮಾತಿದೆ: "ಆ ಹಳೆಯ ಫೋಟೋವನ್ನೇ ಮೊಬೈಲಿನಲ್ಲಿ ತೆಗೆದು ಸರಿ ಮಾಡಬಹುದಲ್ಲ, ಇಷ್ಟು ಕಷ್ಟ ಯಾಕೆ?" ಮಾಡಬಹುದು. ಆದರೆ ಪ್ರಿಂಟಿನಲ್ಲಿ ಇಲ್ಲದ್ದನ್ನು ಮೊಬೈಲು ಎಲ್ಲಿಂದ ತರುತ್ತದೆ? ಬರೀ ಬಿಳಿಯಾಗಿ ಹೋದ ಜಾಗದಲ್ಲಿ ಅದು ತನಗೆ ತೋಚಿದ್ದನ್ನು ತುಂಬಿಸುತ್ತದೆ. ನೆಗೆಟಿವಿನಲ್ಲಿ ಹಾಗಲ್ಲ. ಪ್ರಿಂಟಿಗೆ ಬಾರದೇ ಹೋದ ಎಷ್ಟೋ ಸಂಗತಿ ಅದರೊಳಗೆ ಕೂತಿರುತ್ತದೆ. ಅದನ್ನು ಹೊರಗೆ ಕರೆಯುವ ಕೆಲಸಕ್ಕೆ ಬೇಕಾದದ್ದು ಕಾಂಟ್ರಾಸ್ಟಿನ ಮೇಲೆ ಹಿಡಿತ.

ಕಾಂಟ್ರಾಸ್ಟ್ ಅಂದರೆ ಏನು? ಬಿಳಿ ಒಂದು ಮಾಳಿಗೆ, ಕಪ್ಪು ಕೆಳಗಿನ ಅಂಗಳ ಎಂದಿಟ್ಟುಕೊಳ್ಳಿ. ನಡುವೆ ಮೆಟ್ಟಿಲು. ಮೆಟ್ಟಿಲು ಹತ್ತು ಹನ್ನೆರಡು ಇದ್ದರೆ ಇಳಿಯುವುದು ಗೊತ್ತೇ ಆಗುವುದಿಲ್ಲ, ಪ್ರತಿಯೊಂದರ ಮೇಲೂ ಕಾಲಿಡಬಹುದು. ಮೂರೇ ಮೆಟ್ಟಿಲು ಇದ್ದರೆ ಹಾರಬೇಕು. ಹಾರ್ಡ್ ಕಾಗದ ಎಂದರೆ ಈ ಹಾರುವ ಜಾತಿ. ಸಾಫ್ಟ್ ಕಾಗದದಲ್ಲಿ ಮೆಟ್ಟಿಲು ಹೆಚ್ಚು. ಸ್ಟುಡಿಯೋದಲ್ಲಿ ಪೆಟ್ಟಿಗೆಯ ಮೇಲೆ ನಂಬರು ಇರುತ್ತಿತ್ತು: 1 ಸಾಫ್ಟ್, 2 ನಾರ್ಮಲ್, 3 ಹಾರ್ಡ್, 4 ಎಕ್ಸ್‌ಟ್ರಾ ಹಾರ್ಡ್. ನೆಗೆಟಿವೇ ಖಾರವಾಗಿದ್ದರೆ ಕಾಗದ ಸಾಫ್ಟ್ ಇರಬೇಕು. ನೆಗೆಟಿವ್ ಸಪ್ಪೆಯಾಗಿದ್ದರೆ ಹಾರ್ಡ್. ಸಾರಿಗೆ ನೋಡಿ ಉಪ್ಪು ಹಾಕುವ ಹಾಗೆ.

ಇಷ್ಟು ಸುಲಭ ಇದ್ದದ್ದು ಯಾಕೆ ಕೆಟ್ಟುಹೋಗುತ್ತಿತ್ತು? ನಮ್ಮ ಊರಿನ ಹವೆ ಒಂದು ಕಾರಣ. ಡೆವಲಪರಿಗೆ ಸರಿಯಾದ ಶಾಖ 20 ಡಿಗ್ರಿ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕೋಣೆಯೊಳಗೆ 32, 33. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಐಸ್ ಕಟ್ಟಿ ದೊಡ್ಡ ಟ್ರೇಯಲ್ಲಿ ಇಟ್ಟು, ಅದರೊಳಗೆ ಡೆವಲಪರಿನ ಟ್ರೇ ಇಡುತ್ತಿದ್ದೆವು. ಐಸ್ ಮುಗಿದರೆ ಕಥೆ ಮುಗಿಯಿತು. ಬಿಸಿ ಡೆವಲಪರಿನಲ್ಲಿ ಬೆಂದ ಫಿಲ್ಮಿನಲ್ಲಿ ಬಿಳಿ ಬಟ್ಟೆಯ ಭಾಗ ಹಂಚಿನ ಹಾಗೆ ದಪ್ಪವಾಗುತ್ತದೆ. ಮಳೆಗಾಲದ್ದು ಬೇರೆ ಪಾಡು. ತೆರೆದಿಟ್ಟ ಕಾಗದಕ್ಕೆ ತೇವ ಹಿಡಿದು ಸಪ್ಪೆಯಾಗುತ್ತದೆ, ಬಿಳಿ ಇರಬೇಕಾದಲ್ಲಿ ಮಂಜು ಕವಿಯುತ್ತದೆ. ನಾಲ್ಕು ನಂಬರಿನ ನಾಲ್ಕು ಪೆಟ್ಟಿಗೆ ತೆರೆದಿಡುವ ಧೈರ್ಯ ಯಾವ ಸಣ್ಣ ಅಂಗಡಿಗೂ ಇರಲಿಲ್ಲ. ಹಾಗಾಗಿ ಒಂದೇ ಪೆಟ್ಟಿಗೆ, ಅದೂ ಹಾರ್ಡ್. ಸಪ್ಪೆಯಾದರೂ ನಾರ್ಮಲ್‌ಗೆ ಬಂದು ನಿಲ್ಲುತ್ತದೆ ಎಂಬ ಲೆಕ್ಕ.

ನನ್ನ ಕಾಲದಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಊಟಿಯ ಇಂದು ಕಾಗದ. ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಂಪೆನಿ 1960ರಲ್ಲಿ ಶುರುವಾಗಿ, 1967ರಲ್ಲಿ ಉತ್ಪಾದನೆಗೆ ಇಳಿಯಿತು. ಫಿಲ್ಮಿಗೆ, ಕಾಗದಕ್ಕೆ ತಣ್ಣನೆಯ, ಧೂಳಿಲ್ಲದ ಗಾಳಿ ಒಳ್ಳೆಯದು, ನೀಲಗಿರಿಯಲ್ಲಿ ಅದಕ್ಕೆ ಬರವಿಲ್ಲ. ಇಂದು ಅಂದರೆ ಚಂದ್ರ. ಬೆಳ್ಳಿಯಿಂದ ಕೆಲಸ ಮಾಡುವ ಕಾಗದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇಟ್ಟವರು ಯಾರೋ ಗೊತ್ತಿದ್ದವರೇ ಇರಬೇಕು. ಈಗ ಆ ಕಾರ್ಖಾನೆ ಮುಚ್ಚಿದೆ. ನಮ್ಮ ಪ್ರಾಯದವರ ಪಾಸ್‌ಪೋರ್ಟಿನ ಮೊದಲ ಫೋಟೋಗಳಲ್ಲಿ ಎಷ್ಟೋ ಊಟಿಯ ಕಾಗದದ ಮೇಲೇ ಇರಬೇಕು.

ಹವೆಗಿಂತ ದೊಡ್ಡ ಕಾರಣ ಇನ್ನೊಂದು. ಗಿರಾಕಿಗೆ ಬೇಕಾದದ್ದು ಬಿಳಿ ಮುಖ. "ಸ್ವಲ್ಪ ಬೆಳ್ಳಗೆ ಬರಲಿ ಆಯಿತಾ" ಎನ್ನದೆ ಫೋಟೋ ತೆಗೆಸಿ ಹೋದವರು ಕಡಿಮೆ. ಹುಡುಗಿಗೆ ಸಂಬಂಧ ನೋಡುವ ಫೋಟೋ ಆದರೆ ಕೇಳುವುದೇ ಬೇಡ. ಅದಕ್ಕೆ ಸ್ಟುಡಿಯೋದ ದಾರಿಗಳು ಇದ್ದವು. ನೆಗೆಟಿವಿನಲ್ಲಿ ಮುಖದ ಮೇಲೆ ಮೊನೆಯಾದ ಪೆನ್ಸಿಲಿನಿಂದ ಗೀರುವುದು ಒಂದು. ಇನ್ನೊಂದು ಕೆಂಪು ಬಣ್ಣ. ಅದನ್ನು ಸಣ್ಣ ಕುಂಚದಲ್ಲಿ ತೆಗೆದುಕೊಂಡು ನೆಗೆಟಿವಿನ ಮುಖಕ್ಕೆ ತೆಳುವಾಗಿ ಹಚ್ಚುವುದು. ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಆದ್ದರಿಂದಲೇ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬು ಉರಿಸಲಿಕ್ಕಾಗುವುದು. ಕೆಂಪು ಹಚ್ಚಿದ ಜಾಗದಲ್ಲಿ ಕಾಗದಕ್ಕೆ ಬೆಳಕು ಕಡಿಮೆ ಬೀಳುತ್ತದೆ, ಮುಖ ಬೆಳ್ಳಗಾಗುತ್ತದೆ. ಇಷ್ಟೆಲ್ಲ ಪುರುಸೊತ್ತು ಇಲ್ಲದಿದ್ದರೆ ಎಲ್ಲಕ್ಕಿಂತ ಅಗ್ಗದ ದಾರಿ: ಹಾರ್ಡ್ ಕಾಗದ ಇಡು, ಬೆಳಕು ಎರಡು ಸೆಕೆಂಡು ಕಡಿಮೆ ಕೊಡು. ಕೆನ್ನೆ, ಹಣೆ, ಗಲ್ಲ ಎಲ್ಲ ಒಮ್ಮೆಗೇ ಬಿಳಿಗೆ ಹಾರಿಬಿಡುತ್ತವೆ. ಉಳಿಯುವುದು ಎರಡು ಕಣ್ಣು, ಮೂಗಿನ ಎರಡು ತೂತು, ತುಟಿಯ ಒಂದು ಗೆರೆ. ಬಿಳಿ ಎಲಸಾರದ ನಡುವೆ ಬಿಳಿ ಮುಖ. ಎಲ್ಲಿ ಬಟ್ಟೆ ಮುಗಿದು ಎಲ್ಲಿ ಕೆನ್ನೆ ಶುರುವಾಯಿತು ಎಂದು ಹೇಳಲಿಕ್ಕಾಗದು.

ಗಿರಾಕಿಗೆ ಖುಷಿ, ಯಜಮಾನರಿಗೆ ಖುಷಿ. ಹೀಗೆ ನಮ್ಮ ಎಷ್ಟು ಹೆಂಗಸರ ಮೂಗು ಅಳಿಸಿಹೋಯಿತೋ ಏನೋ.

ಈಗ ನಾನು ಬಳಸುವುದು ಮಲ್ಟಿಗ್ರೇಡ್ ಎಂಬ ಕಾಗದ. ಇಂಗ್ಲೆಂಡಿನ ಇಲ್ಫರ್ಡ್ ಕಂಪೆನಿ 1940ರಲ್ಲೇ ಇದನ್ನು ಹೊರಗೆ ತಂದಿತ್ತು. ನಮ್ಮ ಸ್ಟುಡಿಯೋಕ್ಕೆ ಅದು ಬರಲೇ ಇಲ್ಲ. ಇದರಲ್ಲಿ ಒಂದೇ ಪೆಟ್ಟಿಗೆಯ ಕಾಗದ ಸಾಫ್ಟೂ ಆಗುತ್ತದೆ, ಹಾರ್ಡೂ ಆಗುತ್ತದೆ. ಗುಟ್ಟು ಬೆಳಕಿನ ಬಣ್ಣದಲ್ಲಿದೆ. ಕಾಗದಕ್ಕೆ ಹಚ್ಚಿದ ಪದರದಲ್ಲಿ ಬೇರೆ ಬೇರೆ ಭಾಗ ಬೆರೆಸಿರುತ್ತಾರೆ. ನೀಲಿ ಬೆಳಕಿಗೆ ಎಲ್ಲವೂ ಒಟ್ಟಿಗೆ ಎಚ್ಚರಾಗುತ್ತವೆ, ಪ್ರಿಂಟ್ ಹಾರ್ಡ್ ಬರುತ್ತದೆ. ಹಸಿರು ಬೆಳಕಿಗೆ ಕೆಲವು ಬೇಗ, ಕೆಲವು ನಿಧಾನವಾಗಿ ಎಚ್ಚರಾಗುತ್ತವೆ. ಹಾಗಾಗಿ ಮೆಟ್ಟಿಲು ಹೆಚ್ಚು, ಪ್ರಿಂಟ್ ಸಾಫ್ಟ್. ಲೆನ್ಸಿನ ಕೆಳಗೆ ಹಳದಿ ಫಿಲ್ಟರ್ ಇಟ್ಟರೆ ಅದು ನೀಲಿಯನ್ನು ತಡೆಯುತ್ತದೆ. ಗುಲಾಬಿ ಛಾಯೆಯ ಮೆಜೆಂಟಾ ಇಟ್ಟರೆ ಅದು ಹಸಿರನ್ನು ತಡೆಯುತ್ತದೆ. ಫಿಲ್ಟರಿಗೆ 00ಯಿಂದ 5ರ ತನಕ ನಂಬರು, ನಡುವೆ ಅರ್ಧರ್ಧದ ನಂಬರೂ ಇದೆ. 00 ಅತಿ ಸಾಫ್ಟ್, 5 ಅತಿ ಹಾರ್ಡ್. ಇಲ್ಫರ್ಡ್ ಫಿಲ್ಟರಿನಲ್ಲಿ 3½ರ ತನಕ ನಂಬರು ಬದಲಿಸಿದರೂ ಸಮಯ ಬದಲಿಸಬೇಕಾಗಿಲ್ಲ, 4ರಿಂದ ಮೇಲೆ ಎರಡು ಪಟ್ಟು ಕೊಡಬೇಕು.

ಇದನ್ನು ಕಲಿಯುವ ಆಸೆ ಇರುವ ಹುಡುಗರಿಗೆ ನಾನು ಹೇಳುವುದು ಒಂದೇ: ಸಮಯವನ್ನು ಬಿಳಿಗೆ ನೋಡಿ ಇಡಿ, ನಂಬರನ್ನು ಕಪ್ಪಿಗೆ ನೋಡಿ ಇಡಿ. ಒಂದು ಬೆರಳಗಲದ ಕಾಗದದ ತುಂಡಿಗೆ ನಾಲ್ಕು ನಾಲ್ಕು ಸೆಕೆಂಡಿನ ಹಾಗೆ ಬೆಳಕು ಕೊಡುತ್ತಾ ಹೋದರೆ ಟೆಸ್ಟ್ ಸ್ಟ್ರಿಪ್ ಸಿಗುತ್ತದೆ. ಅದರಲ್ಲಿ ಬಿಳಿ ಬಟ್ಟೆಯ ಮಡಿಕೆ ಯಾವ ಪಟ್ಟಿಯಲ್ಲಿ ಸಣ್ಣಗೆ ಕಂಡಿತೋ ಅದು ನಿಮ್ಮ ಸಮಯ. ಆ ಸಮಯಕ್ಕೆ ಇಡೀ ಪ್ರಿಂಟ್ ಹಾಕಿ. ಕಪ್ಪು ಕಪ್ಪಾಗಿ ಬಂದಿಲ್ಲವೋ, ನಂಬರು ಏರಿಸಿ. ಕಪ್ಪಿನಲ್ಲಿ ಎಲ್ಲ ಮುಳುಗಿದೆಯೋ, ಇಳಿಸಿ. ಪ್ರಿಂಟ್ ಬೇಗ ಕಪ್ಪಾಗುತ್ತಿದೆ ಎಂದು ಡೆವಲಪರಿನಿಂದ ಅರ್ಧಕ್ಕೇ ಎಳೆಯುವ ಚಾಳಿ ಸ್ಟುಡಿಯೋದಲ್ಲಿ ಕಂಡಿದ್ದೇನೆ. ಅದರಲ್ಲಿ ಕಾಂಟ್ರಾಸ್ಟ್ ಸಿಗುವುದಿಲ್ಲ, ಸಿಗುವುದು ಕಲೆಕಲೆಯಾದ ಕೆಸರು. ಕಾಗದಕ್ಕೆ ಅದರ ಪೂರ್ತಿ ಸಮಯ ಕೊಡಲೇಬೇಕು.

ಇನ್ನು ಹೇಳಬೇಕಾದದ್ದು ಅಜ್ಜಿಯ ನೆಗೆಟಿವಿನ ವಿಷಯ. ಅಜ್ಜಿ ಎಂದರೆ ನನ್ನ ಉಮ್ಮನ ಉಮ್ಮ. 1962ರಲ್ಲಿ ಅಜ್ಜ ಅಜ್ಜಿ ಹಜ್ಜಿಗೆ ಹೋದರು. ಮುಂಬಯಿಗೆ ಹೋಗಿ ಅಲ್ಲಿಂದ ಹಡಗು. ಹೋದವರು ತಿರುಗಿ ಬರುತ್ತಾರೆ ಎಂಬ ಖಾತ್ರಿ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಹೊರಡುವ ಮುಂಚೆ ಇಬ್ಬರನ್ನೂ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಒಂದೊಂದು ಫೋಟೋ ತೆಗೆಸಿದ್ದರು. ಅಜ್ಜಿ ತಿರುಗಿ ಬಂದರು, ಆದರೆ ಎರಡು ವರ್ಷದಲ್ಲಿ ತೀರಿಕೊಂಡರು. ಅವರದ್ದೆಂದು ಇರುವ ಫೋಟೋ ಅದೊಂದೇ.

ಆ ಪ್ರಿಂಟ್ ಎರಡು ಮನೆಯಲ್ಲಿದೆ. ನಮ್ಮ ಮನೆಯಲ್ಲಿ ಉಮ್ಮ ಅದನ್ನು ಕುರ್‌ಆನ್ ಇಡುವ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಕವರಿನೊಳಗೆ ಇಟ್ಟಿದ್ದರು, ಹೊರಗೆ ತೆಗೆದದ್ದು ನಾನು ಕಂಡದ್ದು ಎರಡೋ ಮೂರೋ ಸಲ. ನಾನು ಸಣ್ಣವನಿರುವಾಗ ಒಮ್ಮೆ ಕೈಗೆ ಕೊಟ್ಟು ಹೇಳಿದ್ದರು: "ಇದ್ ಎನ್ನೊ ಉಮ್ಮ ಅಲ್ಲ." ಆಗ ನನಗೆ ಅರ್ಥವಾಗಲಿಲ್ಲ. ನಾನು ಮೇಲೆ ಹೇಳಿದ ಸುಣ್ಣ-ಮಸಿಯ ಜಾತಿಯ ಫೋಟೋ ಅದು. ಇನ್ನೊಂದು ಪ್ರತಿ ಉಮ್ಮನ ತಂಗಿಯ ಬಳಿ, ನನ್ನ ಎಳೆಮ್ಮನ ಬಳಿ ಇದೆ. ಅವರು ಅದನ್ನು ಚೌಕಟ್ಟು ಹಾಕಿಸಿ ಮಲಗುವ ಕೋಣೆಯ ಗೋಡೆಗೆ ತೂಗುಹಾಕಿದ್ದಾರೆ. ಈ ವ್ಯತ್ಯಾಸಕ್ಕೆ ಕಾರಣ ಇದೆ. ಅಜ್ಜಿ ತೀರಿಕೊಂಡಾಗ ಉಮ್ಮನಿಗೆ 22 ವರ್ಷ, ಮದುವೆಯಾಗಿತ್ತು. ಎಳೆಮ್ಮನಿಗೆ ಆರು. ಉಮ್ಮನಿಗೆ ಅಜ್ಜಿಯ ಮುಖ ನೆನಪಿದೆ. ಎಳೆಮ್ಮನಿಗೆ ನೆನಪಿರುವುದು ಫೋಟೋ.

ಸ್ಟುಡಿಯೋದಿಂದ ತಂದ ಪೆಟ್ಟಿಗೆಗಳಲ್ಲಿ 1962ರದ್ದನ್ನು ಹುಡುಕಲು ನನಗೆ ಎರಡು ಮಳೆಗಾಲ ಹಿಡಿಯಿತು. ಕವರಿನ ಮೇಲೆ ಕನ್ನಡದಲ್ಲಿ ಪೆನ್ಸಿಲಿನಿಂದ ಅಜ್ಜನ ಹೆಸರು, ಕೆಳಗೆ "ಹಜ್, 2 ಕಾಪಿ, ಹಾರ್ಡ್". ನಮ್ಮ ಊರು ಕೇರಳಕ್ಕೆ ಸೇರಿ ಆಗ ಆರು ವರ್ಷ ಆಗಿತ್ತು. ಅಂಗಡಿಯ ಲೆಕ್ಕ ಮಾತ್ರ ಕನ್ನಡದಲ್ಲೇ ನಡೆಯುತ್ತಿತ್ತು. ನೆಗೆಟಿವನ್ನು ಕಿಟಕಿಗೆ ಹಿಡಿದೆ. ಎಲಸಾರದ ಭಾಗ ಕಪ್ಪಗೆ ದಪ್ಪ, ಬಿಸಿ ಡೆವಲಪರಿನಲ್ಲಿ ಬೆಂದ ಹಾಗೆ. ಕುಪ್ಪಾಯದ ಭಾಗ ಹೆಚ್ಚುಕಡಿಮೆ ಬರೀ ಗಾಜಿನ ಹಾಗೆ. ಇವೆರಡರ ನಡುವೆ ಮುಖ. ಅಲ್ಲಿ ತೆಳು ದಪ್ಪ ಎಲ್ಲವೂ ಸಣ್ಣ ಸಣ್ಣ ಅಂತರದಲ್ಲಿ ಇತ್ತು. ಭೂತಗನ್ನಡಿ ಇಟ್ಟು ನೋಡಿದರೆ ಎಲಸಾರದ ಅಂಚಿನಲ್ಲಿ ಕಿವಿಯ ಅಲಿಕತ್ತಿನ ಸಾಲು ಕೂಡ ಕಂಡಿತು. ಪ್ರಿಂಟಿನಲ್ಲಿ ಅಲಿಕತ್ತು ಇಲ್ಲವೇ ಇಲ್ಲ, ಬಿಳಿಯಲ್ಲಿ ಬಿಳಿಯಾಗಿ ಹೋಗಿದೆ.

ಹೀಗೆ ಖಾರವಾದ ನೆಗೆಟಿವನ್ನು ಹಾರ್ಡ್ ಕಾಗದದ ಮೇಲೆ ಹಾಕಿದ್ದಾರೆ, ಅದೂ ಮುಖ ಬೆಳ್ಳಗಾಗುವಷ್ಟು ಬೆಳಕು ಕಡಿಮೆ ಮಾಡಿ. ಉಮ್ಮ ಹೇಳಿದ ಮಾತಿನ ಅರ್ಥ ಆ ದಿನ ಆಯಿತು.

ಮೊದಲು 2ನೇ ನಂಬರಿನಲ್ಲಿ ಒಂದು ಹಾಕಿ ನೋಡಿದೆ. ಎಲಸಾರದ ಮಡಿಕೆ ಬರುವಷ್ಟು ಬೆಳಕು ಕೊಟ್ಟರೆ ಮುಖ ಕತ್ತಲೆ. ಮುಖಕ್ಕೆ ಸರಿ ಮಾಡಿದರೆ ಎಲಸಾರ ಸುಣ್ಣ. 00ಕ್ಕೆ ಇಳಿಸಿದೆ. ಎರಡೂ ಬಂದವು, ಆದರೆ ಕಣ್ಣು ಸತ್ತುಹೋಯಿತು. ರೆಪ್ಪೆ, ಪಾಪೆ, ಹುಬ್ಬು ಎಲ್ಲ ಒಂದೇ ಬೂದಿ. ಅಕ್ಕಿ ತೊಳೆದ ನೀರಿನ ಜಾತಿ. ಒಂದೇ ನಂಬರಿನಲ್ಲಿ ಆಗುವ ಕೆಲಸ ಇದಲ್ಲ.

ಇಂಥದ್ದಕ್ಕೆ ಇರುವ ದಾರಿ ಎರಡು ಸಲ ಬೆಳಕು ಕೊಡುವುದು. ಒಂದೇ ಕಾಗದಕ್ಕೆ ಮೊದಲು 00 ಫಿಲ್ಟರಿನಲ್ಲಿ, ಆಮೇಲೆ ಕಾಗದವನ್ನು ಅಲುಗಾಡಿಸದೆ 5ರಲ್ಲಿ. ಸಾಫ್ಟ್ ಬೆಳಕು ಬಿಳಿಯ ಕಡೆಯನ್ನು ಕಟ್ಟುತ್ತದೆ. ಹಾರ್ಡ್ ಬೆಳಕು ದಪ್ಪ ಜಾಗಗಳನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಕಪ್ಪಿನ ಕಡೆಗೆ ಮಾತ್ರ ಬಲ ಕೊಡುತ್ತದೆ. 00ಕ್ಕೆ ಬೇರೆ ಸ್ಟ್ರಿಪ್, ಆ ಸಮಯ ಗೊತ್ತಾದ ಮೇಲೆ ಅದರ ಮೇಲೆಯೇ 5ಕ್ಕೆ ಇನ್ನೊಂದು ಸ್ಟ್ರಿಪ್. ನನ್ನ ಎನ್‌ಲಾರ್ಜರಿನಲ್ಲಿ, ಲೆನ್ಸ್ ಎಫ್ 8ರಲ್ಲಿ, 8ಕ್ಕೆ 10 ಇಂಚಿನ ಪ್ರಿಂಟಿಗೆ 00ರಲ್ಲಿ 14 ಸೆಕೆಂಡಿಗೆ ಮಡಿಕೆ ಕಂಡಿತು. 5ರಲ್ಲಿ 5 ಸೆಕೆಂಡಿಗೆ ಕಣ್ಣಿನ ಪಾಪೆ ಕಪ್ಪಾಯಿತು. ಕೆಂಪು ಬೆಳಕಿನಲ್ಲಿ, ಡೆವಲಪರಿನ ಒಳಗೆ ಮೊದಲು ಎದ್ದು ಬಂದದ್ದು ಕುಪ್ಪಾಯ, ಆಮೇಲೆ ಕಣ್ಣು. ಕೊನೆಗೆ, ಇನ್ನೇನು ಬರುವುದಿಲ್ಲ ಎನ್ನುವಾಗ, ಕಿವಿಯ ಹತ್ತಿರ ಅಲಿಕತ್ತು ಒಂದೊಂದೇ ಬಂತು.

ಮುಖ ಇನ್ನೂ ತುಸು ಕತ್ತಲೆಯಿತ್ತು. ಸೈಕಲಿನ ಕಡ್ಡಿಗೆ ರೂಪಾಯಿ ನಾಣ್ಯದಷ್ಟು ದೊಡ್ಡ ರಟ್ಟಿನ ತುಂಡು ಅಂಟಿಸಿದ ಒಂದು ಸಾಧನ ನನ್ನಲ್ಲಿದೆ. ಬೆಳಕು ಬೀಳುವಾಗ ಅದನ್ನು ಮುಖದ ಮೇಲೆ ಅಲುಗಿಸುತ್ತಾ ಹಿಡಿದರೆ ಅಲ್ಲಿಗೆ ಮಾತ್ರ ಬೆಳಕು ಕಡಿಮೆ ಬೀಳುತ್ತದೆ. ಅಲುಗಿಸದಿದ್ದರೆ ರಟ್ಟಿನ ಅಂಚು ಮುಖದ ಮೇಲೆ ಗೆರೆಯಾಗಿ ಕೂರುತ್ತದೆ. ಇದನ್ನು 00ರ ಬೆಳಕಿನಲ್ಲಿ ಮಾಡುವುದೇ ವಾಸಿ. ಮುಖ ತಿಳಿಯಾಗುತ್ತದೆ, ಆದರೆ ಹಾರ್ಡ್ ಬೆಳಕಿನ ಪಾಲು ಪೂರ್ತಿ ಇರುವುದರಿಂದ ಕಣ್ಣಿನ ಕಪ್ಪು ಕೆಡುವುದಿಲ್ಲ. 14 ಸೆಕೆಂಡಿನಲ್ಲಿ 4 ಸೆಕೆಂಡು ತಡೆದೆ. ಕೆಳಗೆ ಎಲಸಾರದ ಸೆರಗಿಗೆ, ರಟ್ಟಿನ ತೂತಿನ ಮೂಲಕ, 00ರಲ್ಲೇ 6 ಸೆಕೆಂಡು ಹೆಚ್ಚು.

ಒದ್ದೆ ಪ್ರಿಂಟ್ ನೋಡಿ ತೀರ್ಪು ಕೊಡಬಾರದು. ಒಣಗಿದ ಮೇಲೆ ಪ್ರಿಂಟ್ ಒಂದು ಪಟ್ಟು ಕಪ್ಪಾಗುತ್ತದೆ, ಬಿಳಿಯ ಮಿನುಗು ಇಳಿಯುತ್ತದೆ. ತೂಗುಹಾಕುವ ಜಾಗವನ್ನೂ ಲೆಕ್ಕ ಹಿಡಿಯಬೇಕು. ನಮ್ಮ ಹಳೆಯ ಮನೆಗಳ ಒಳಕೋಣೆಯ ಮಬ್ಬಿನಲ್ಲಿ ಪ್ರಿಂಟ್ ಸ್ವಲ್ಪ ತಿಳಿಯಾಗಿ ಇರಬೇಕು. ಹಾಗಾಗಿ ರಾತ್ರಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಬೆಳಿಗ್ಗೆ ಚಾವಡಿಯ ಬೆಳಕಿನಲ್ಲಿ ಉಮ್ಮನ ಕೈಗೆ ಕೊಟ್ಟೆ. ಉಮ್ಮನಿಗೆ ಈಗ 80 ದಾಟಿದೆ. ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ಮೊದಲು ಬೆರಳಿಟ್ಟದ್ದು ಅಲಿಕತ್ತಿನ ಮೇಲೆ. ಎಷ್ಟು ಇವೆ ಎಂದು ಎಣಿಸಿದರು. ಅದರಲ್ಲಿ ಕೆಲವು ಯಾರ ಮದುವೆಗೆ ಕರಗಿಸಿದ್ದು ಎಂಬ ಕಥೆ ಬಂತು. ಆಮೇಲೆ ಹೇಳಿದರು, "ಉಮ್ಮ ಇಷ್ಟು ಬೆಳ್ಳಗೆ ಇರಲಿಲ್ಲ ಮೋನೆ. ಇನ್ನೂ ಸ್ವಲ್ಪ ಕಪ್ಪು ಮಾಡು."

ಸ್ಟುಡಿಯೋದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು ನಾನು. "ಇನ್ನೂ ಕಪ್ಪು ಮಾಡು" ಎಂದು ಯಾರೂ ನನ್ನ ಹತ್ತಿರ ಕೇಳಿದ್ದಿಲ್ಲ.

ಆ ರಾತ್ರಿ ತಡೆಯುವುದನ್ನು 4ರಿಂದ 2 ಸೆಕೆಂಡಿಗೆ ಇಳಿಸಿದೆ. ಮುಖ ಎಲಸಾರದಿಂದ ಬೇರ್ಪಟ್ಟು ನಿಂತಿತು. ಬೇರೆ ಏನೂ ಬದಲಾಗಿಲ್ಲ, ಆದರೂ ಕೆನ್ನೆಯ ಎಲುಬು, ಮೂಗಿನ ಪಕ್ಕದ ಗೆರೆ, ಗಲ್ಲದ ಕೆಳಗಿನ ನೆರಳು ಎಲ್ಲಕ್ಕೂ ಕೂರಲು ಒಂದೊಂದು ಮೆಟ್ಟಿಲು ಸಿಕ್ಕಿತು. ಉಮ್ಮ ಅದನ್ನು ನೋಡಿ ಏನೂ ಹೇಳಲಿಲ್ಲ. ತೆಗೆದುಕೊಂಡು ಒಳಗೆ ಹೋದರು. ಆ ಹೊತ್ತಿನ ಚಾ ನಾನೇ ಮಾಡಿಕೊಂಡು ಕುಡಿದೆ.

ಎಳೆಮ್ಮನ ಮನೆಯಲ್ಲಿ ಹಾಗಾಗಲಿಲ್ಲ. ಅದೇ ಪ್ರಿಂಟಿನ ಇನ್ನೊಂದು ಪ್ರತಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ನೋಡಿದರು, ಗೋಡೆಯ ಮೇಲಿನದ್ದನ್ನು ನೋಡಿದರು, ನನ್ನನ್ನು ನೋಡಿದರು. "ಇದು ಯಾರು?" ಎಂದು ಕೇಳಿದರು. ಗೊತ್ತಿಲ್ಲದೆ ಕೇಳಿದ್ದಲ್ಲ. 60 ವರ್ಷ ಆ ಬಿಳಿ ಮುಖಕ್ಕೇ ಉಮ್ಮ ಎಂದು ಹೇಳಿ ಮಲಗಿದವರು. ಈಗ ನಾನು ಹೋಗಿ ಬೇರೊಬ್ಬರನ್ನು ತೋರಿಸಿ ಇವರೇ ಉಮ್ಮ ಎನ್ನುತ್ತಿದ್ದೇನೆ. ಅವರ ಸೊಸೆ ಮಧ್ಯೆ ಬಾಯಿ ಹಾಕಿ, "ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ ಕಾಕ, ಗ್ರೂಪಿಗೆ ಹಾಕುವಾಗ ಚೆನ್ನಾಗಿ ಕಾಣಲಿ" ಎಂದಳು. ಅವಳ ಮಾತಿಗೆ ನನಗೆ ಸಿಟ್ಟು ಬಂತು. ಎಳೆಮ್ಮನ ಮಾತಿಗೆ ಬರಲಿಲ್ಲ. ಎಳೆಮ್ಮ ಆಮೇಲೆ ನಿಧಾನವಾಗಿ ಹೇಳಿದರು: ಅಜ್ಜಿಯನ್ನು ಕೊಟ್ಟ ಮನೆಯಲ್ಲಿ ಕಪ್ಪು ಎಂದು ಹಂಗಿಸುತ್ತಿದ್ದರಂತೆ. ದೊಡ್ಡವರು ಮಾತಾಡುವುದನ್ನು ಕೇಳಿ ಬೆಳೆದವರು ಅವರು. "ಫೋಟೋದಲ್ಲಾದರೂ ಅವರಿಗೆ ಅದು ಬೇಡ ಅಂತ ನನಗೆ."

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಉಮ್ಮನದ್ದು ಸರಿ ಎಂದೇ ನನ್ನ ಮನಸ್ಸು. ಆದರೆ ಎಳೆಮ್ಮನ ಗೋಡೆ ಎಳೆಮ್ಮನದ್ದು.

ಮನೆಗೆ ಬಂದು ಅವರಿಗೆಂದು ಇನ್ನೊಂದು ಹಾಕಿದೆ. ಹಾರ್ಡಿಗೆ ಹೋಗಲಿಲ್ಲ. ಬೆಳ್ಳಗೆ ಮಾಡುವುದು ಬೇರೆ, ಅಳಿಸುವುದು ಬೇರೆ. ಸ್ಟುಡಿಯೋದವರು ಎರಡನ್ನೂ ಒಂದೇ ಎಂದುಕೊಂಡಿದ್ದರು, ಕೈಯಲ್ಲಿ ಒಂದೇ ಪೆಟ್ಟಿಗೆ ಇದ್ದರೆ ಹಾಗೆಯೇ ಕಾಣುತ್ತದೆ. ಬೆಳಕು ತಡೆಯುವುದನ್ನು 5 ಸೆಕೆಂಡಿಗೆ ಏರಿಸಿದೆ. ಮುಖ ತಿಳಿಯಾಯಿತು, ಮೊದಲ ದಿನ ಉಮ್ಮನಿಗೆ ತೋರಿಸಿದ್ದಕ್ಕಿಂತಲೂ ತುಸು ತಿಳಿ. ಆದರೆ ಮೂಗು ಮೂಗಾಗಿ ಉಳಿಯಿತು, ಕೆನ್ನೆಗೂ ಬಟ್ಟೆಗೂ ನಡುವೆ ಗೆರೆ ಉಳಿಯಿತು, ಅಲಿಕತ್ತು ಉಳಿಯಿತು. ಹಳೆಯ ಪ್ರಿಂಟನ್ನು ಬಲ್ಲವರು ಇದರಲ್ಲಿ ಅದೇ ಹೆಂಗಸನ್ನು ಕಾಣಬಹುದು, ಅಜ್ಜಿಯನ್ನು ಬಲ್ಲವರೂ ಕಾಣಬಹುದು. ಎಳೆಮ್ಮ ಅದನ್ನು ಇಟ್ಟುಕೊಂಡರು. ಹಳೆಯದನ್ನು ಗೋಡೆಯಿಂದ ಇಳಿಸಲಿಲ್ಲ. ಹೊಸದನ್ನು ಪಕ್ಕದಲ್ಲಿ ಹಾಕಿದ್ದಾರೆ. ಕಪ್ಪು ಪ್ರತಿಯನ್ನು ನನಗೆ ತಿರುಗಿ ಕೊಡುತ್ತಾರೆ ಎಂದುಕೊಂಡಿದ್ದೆ, ಅದನ್ನೂ ಕೊಡಲಿಲ್ಲ. ಎಲ್ಲಿ ಇಟ್ಟಿದ್ದಾರೋ ಕೇಳಲು ಹೋಗಿಲ್ಲ.

ನಿಮ್ಮ ಮನೆಯಲ್ಲಿ ನೆಗೆಟಿವ್ ಇದ್ದರೆ ಒಂದು ಮಾತು. ಪ್ರಿಂಟ್ ಇದೆಯಲ್ಲ ಎಂದು ಅದನ್ನು ಎಸೆಯಬೇಡಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒತ್ತಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದೊಂದನ್ನು ಬೇರೆ ಬೇರೆ ಕಾಗದದ ಕವರಿನಲ್ಲಿ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೈಯಿಂದ ಮುಟ್ಟುವಾಗ ಅಂಚು ಮಾತ್ರ. ಬಿಳಿ ಹೂವಿನಂತೆ ಬೂಸು ಹಿಡಿದಿದ್ದರೆ ನೀರು ಹಾಕಿ ಉಜ್ಜಬೇಡಿ, ಚಿತ್ರದ ಪದರವೇ ಎದ್ದು ಬರುತ್ತದೆ. ಕವರಿನ ಮೇಲೆ ಯಾರದ್ದು ಎಂದು ಬರೆಯಿರಿ. ಗುರುತು ಹೇಳುವವರು ಇರುವಾಗಲೇ ಬರೆಯಿರಿ.

ಅಜ್ಜಿಯ ನೆಗೆಟಿವಿಗೂ ಹೊಸ ಕವರು ಮಾಡಿದ್ದೇನೆ. ಹಳೆಯದು ಪುಡಿಯಾಗುತ್ತಿದೆ, ಅದರೊಳಗೇ ಮಡಚಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಈ ಕೆಲಸ ಮಾಡುವವರು ಬಂದರೆ ಮೊದಲಿನಿಂದ ಸ್ಟ್ರಿಪ್ ಹಾಕುತ್ತಾ ಕೂರುವುದು ಬೇಡ ಎಂದು ಮೇಲೆ ಹೀಗೆ ಬರೆದಿದೆ: ಎಫ್ 8. 00ರಲ್ಲಿ 14, ಸೆರಗಿಗೆ 6 ಹೆಚ್ಚು. 5ರಲ್ಲಿ 5. ಮುಖ ತಡೆ: ಅಕ್ಕನಿಗೆ 2, ತಂಗಿಗೆ 5.